ಸಾಕಿದ ಜೀವದ ಅಗಲಿಕೆ: ಮೋಹವೋ, ದಯೆಯೋ?

ಮನೆಯಲ್ಲಿ ಮನುಷ್ಯರೊಬ್ಬರು ತೀರಿಕೊಂಡರೆ ದುಃಖಕ್ಕೆ ಒಂದು ದಾರಿಯಿದೆ. ಬಂಧುಗಳು ಬರುತ್ತಾರೆ, ಸೂತಕವನ್ನು ಆಚರಿಸುತ್ತಾರೆ, ಬಸದಿಯಲ್ಲಿ ಶಾಂತಿವಿಧಾನ ನಡೆಯುತ್ತದೆ, ದಾನಧರ್ಮಗಳಾಗುತ್ತವೆ. ಆದರೆ ಹತ್ತು ಹನ್ನೆರಡು ವರ್ಷ ಅದೇ ಮನೆಯ ಅಂಗಳದಲ್ಲಿ ಬದುಕಿದ ನಾಯಿಯೋ, ಬೆಕ್ಕೋ, ಕೊಟ್ಟಿಗೆಯಲ್ಲಿ ಮುದಿಯಾದ ಹಸುವೋ ಕಣ್ಣುಮುಚ್ಚಿದಾಗ ಇವು ಯಾವುವೂ ಇಲ್ಲ. ಅದು ಮಲಗುತ್ತಿದ್ದ ಮೂಲೆ ಬರಿದಾಗುತ್ತದೆ. ನೀರು ಕುಡಿಯುತ್ತಿದ್ದ ಬಟ್ಟಲನ್ನು ಎತ್ತಿಡಲು ಯಾರಿಗೂ ಕೈ ಬಾರದು. ಮಕ್ಕಳು ಊಟ ಬಿಟ್ಟು ಅಳುತ್ತಾರೆ. ಆಗ ಹಿರಿಯರೊಬ್ಬರು, “ಪ್ರಾಣಿಗೋಸ್ಕರ ಇಷ್ಟು ಅಳುವುದೇ? ಇದು ಮೋಹ, ಕರ್ಮಬಂಧಕ್ಕೆ ಕಾರಣ” ಎನ್ನುತ್ತಾರೆ. ಮತ್ತೊಬ್ಬರು, “ಅದೂ ಒಂದು ಜೀವವಲ್ಲವೇ?” ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಧರ್ಮದ ಒಂದೊಂದು ಅಂಶವಿದೆ. ಇವೆರಡನ್ನೂ ಕೂಡಿಸಿ ನೋಡುವುದು ಹೇಗೆ ಎಂಬುದೇ ಶ್ರಾವಕನ ಮುಂದಿರುವ ಪ್ರಶ್ನೆ.

ಮೊದಲನೆಯ ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಆರ್ತಧ್ಯಾನದಲ್ಲಿ ನಾಲ್ಕು ಬಗೆಗಳನ್ನು ಹೇಳಿದೆ. ಪ್ರಿಯವಾದುದು ಅಗಲಿದಾಗ ಅದನ್ನೇ ಮತ್ತೆ ಮತ್ತೆ ಹಂಬಲಿಸುವ ಇಷ್ಟವಿಯೋಗ ಅವುಗಳಲ್ಲೊಂದು. ಆರ್ತಧ್ಯಾನವು ಜೀವವನ್ನು ತಿರ್ಯಂಚಗತಿಗೆ ಒಯ್ಯುತ್ತದೆಂಬುದು ಆಚಾರ್ಯರ ಉಪದೇಶ. ಪ್ರಾಣಿಯೊಂದರ ಅಗಲಿಕೆಗಾಗಿ ಎಲ್ಲೆಮೀರಿ ಕೊರಗುವವನು ತಾನೇ ಪ್ರಾಣಿಜನ್ಮದ ಬೀಜವನ್ನು ಬಿತ್ತಿಕೊಳ್ಳುತ್ತಾನೆ ಎಂಬ ಈ ಎಚ್ಚರಿಕೆ ನಿಷ್ಠುರವಾಗಿ ಕಂಡರೂ ಅದರ ಹಿಂದೆ ಮನಶ್ಶಾಸ್ತ್ರದ ಸತ್ಯವಿದೆ. ಎಲ್ಲೆಮೀರಿದ ಕೊರಗಿನಲ್ಲಿ ಅಗಲಿದ ಜೀವದ ಹಿತ ಮರೆತುಹೋಗುತ್ತದೆ. ಉಳಿಯುವುದು “ನನ್ನದು ಹೋಯಿತು” ಎಂಬ ಮಮಕಾರ ಮಾತ್ರ.

ಹಾಗೆಂದು ಪ್ರಾಣಿಯ ಮರಣ ಲೆಕ್ಕಕ್ಕೆ ಬಾರದ ಸಂಗತಿ ಎಂದು ಜೈನಾಗಮ ಎಲ್ಲಿಯೂ ಹೇಳಿಲ್ಲ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವವು ಸಮ್ಯಕ್ತ್ವವನ್ನು ಪಡೆದು ದೇಶವಿರತವೆಂಬ ಐದನೆಯ ಗುಣಸ್ಥಾನದವರೆಗೆ ಏರಬಲ್ಲದು. ಭಗವಾನ್ ಪಾರ್ಶ್ವನಾಥರ ಜೀವವು ಹಿಂದಿನ ಭವವೊಂದರಲ್ಲಿ ವಜ್ರಘೋಷವೆಂಬ ಆನೆಯಾಗಿತ್ತು. ಅರವಿಂದ ಮುನಿಗಳ ಉಪದೇಶದಿಂದ ಅದು ವ್ರತಗಳನ್ನು ಹಿಡಿಯಿತು. ಉಪವಾಸಗಳಿಂದ ಕೃಶವಾದ ದೇಹದಲ್ಲಿ ನೀರಿಗಿಳಿದು ಕೆಸರಿನಲ್ಲಿ ಸಿಲುಕಿ, ಹಾವು ಕಚ್ಚಿದಾಗಲೂ ಸಮಭಾವದಿಂದ ಪ್ರಾಣಬಿಟ್ಟಿತು. ರಾಜಗೃಹದಲ್ಲಿ ಹೂವಿನ ಎಸಳನ್ನು ಕಚ್ಚಿಕೊಂಡು ಭಗವಾನ್ ಮಹಾವೀರರ ಸಮವಸರಣಕ್ಕೆ ಹೊರಟಿದ್ದ ಕಪ್ಪೆಯು ಆನೆಯ ಕಾಲಿಗೆ ಸಿಕ್ಕಿ ಸತ್ತು ದೇವನಾಗಿ ಹುಟ್ಟಿತು. ಒಂದು ಕಪ್ಪೆಯ ಮರಣವನ್ನು ಶತಮಾನಗಳಿಂದ ನೆನೆಯುತ್ತಾ ಬಂದಿರುವ ಸಮಾಜಕ್ಕೆ, ಪ್ರಾಣಿಯ ಸಾವನ್ನು ಸ್ಮರಿಸುವುದು ಹೊಸ ಸಂಗತಿಯೇನಲ್ಲ.

ಈ ವಿಷಯದಲ್ಲಿ ಅತ್ಯಂತ ಸಮೀಪದ ನಿದರ್ಶನ ಜೀವಂಧರನ ಕಥೆ. 1424ರಲ್ಲಿ ಭಾಸ್ಕರಕವಿ ಇದನ್ನು ‘ಜೀವಂಧರ ಚರಿತೆ’ಯಾಗಿ ಕನ್ನಡಕ್ಕೆ ತಂದನು. ಹೋಮದ ಪದಾರ್ಥವನ್ನು ಮುಟ್ಟಿತೆಂಬ ಕಾರಣಕ್ಕೆ ಜನ ಬಡಿದ ನಾಯಿಯೊಂದು ಸಾಯುತ್ತಾ ಬಿದ್ದಿರುತ್ತದೆ. ಜೀವಂಧರ ಅದನ್ನು ಬದುಕಿಸಲಾರ. ಹಾಗೆಂದು ಕಂಡೂ ಕಾಣದಂತೆ ಮುಂದೆ ಹೋಗುವುದೂ ಇಲ್ಲ. ಅದರ ಬಳಿ ಕುಳಿತು ಪಂಚನಮಸ್ಕಾರವನ್ನು ಕಿವಿಯಲ್ಲಿ ಹೇಳುತ್ತಾನೆ. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ತನ್ನ ಉಪಕಾರಿಗೆ ನೆರವಾಗುತ್ತದೆ. ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ನಾಯಿ ಜೀವಂಧರನದಲ್ಲ. “ನನ್ನದು” ಎಂಬ ಸಂಬಂಧವಿಲ್ಲದಿದ್ದರೂ ಅಲ್ಲಿ ದಯೆಯಿದೆ. ಮೋಹ ಮತ್ತು ದಯೆಗಳ ನಡುವಣ ಗೆರೆ ಇಲ್ಲಿ ಸ್ಪಷ್ಟವಾಗುತ್ತದೆ. ಮೋಹ ತನಗಾದ ನಷ್ಟವನ್ನು ಎಣಿಸುತ್ತದೆ; ದಯೆ ಎದುರಿನ ಜೀವದ ಗತಿಯನ್ನು ಚಿಂತಿಸುತ್ತದೆ.

ಪ್ರಾಣಿಗಳನ್ನು ನೆನೆಯುವ ಪದ್ಧತಿ ಕನ್ನಡನಾಡಿನಲ್ಲಿ ಬಹಳ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದಕ್ಕೆ ಪ್ರಸಿದ್ಧ ಸಾಕ್ಷಿ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ಜಯ ಸಾಧಿಸಿದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಗಂಗರ ಬೂತುಗನಿಂದ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರು ಜೈನಧರ್ಮಕ್ಕೆ ಆಶ್ರಯವಿತ್ತ ಅರಸರೆಂಬುದನ್ನು ನೆನೆದಾಗ ಈ ಶಾಸನ ಹೆಮ್ಮೆಯ ಜೊತೆಗೆ ಸಂಕೋಚವನ್ನೂ ತರುತ್ತದೆ. ಏಕೆಂದರೆ ಕಾಳಿಯನ್ನು ನೆನೆದದ್ದು ಅದು ಬೇಟೆಯಲ್ಲಿ ಮೆರೆದ ಶೌರ್ಯಕ್ಕಾಗಿ. ಅದರೊಂದಿಗೆ ಸತ್ತ ಹಂದಿಯೂ ಒಂದು ಜೀವವೇ ಆಗಿತ್ತು, ಅದಕ್ಕಾಗಿ ಮರುಗಿದವರಾರು?

ಶೌರ್ಯಕ್ಕಾಗಿ ನೆನೆಯುವುದು ಸುಲಭ. ಏನನ್ನೂ ಸಾಧಿಸದೆ, ಮುಪ್ಪಾಗಿ, ಒಂದು ಮೂಲೆಯಲ್ಲಿ ಸತ್ತ ಪ್ರಾಣಿಯನ್ನು ಏತಕ್ಕಾಗಿ ನೆನೆಯಬೇಕು? ಇದಕ್ಕೆ ಉತ್ತರ ಬಯಸುವವರು ಚಿತ್ರದುರ್ಗದ ಬಯಲುಸೀಮೆಯತ್ತ ನೋಡಬಹುದು. ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರುಗಳ ಜನರಿಗೆ ಈ ಸೀಮೆಯ ಪಶುಪಾಲಕರ ನಡವಳಿಕೆ ಅಪರಿಚಿತವಲ್ಲ. ಕಾಡುಗೊಲ್ಲರು ಪಶುಪಾಲಕ ವೀರನಾದ ಜುಂಜಪ್ಪನನ್ನು ಇಂದಿಗೂ ಹಾಡಿ ನೆನೆಯುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮ್ಯಾಸಬೇಡರು ‘ದೇವರ ಎತ್ತು’ಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಈ ಎತ್ತುಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ, ಕಟುಕರಿಗೆ ಕೊಡುವ ಮಾತೇ ಇಲ್ಲ. ಕಿಲಾರಿ ಎಂಬ ಪಾಲಕನು ಹಗಲಿರುಳೂ ಅವುಗಳೊಡನೆ ಇರುತ್ತಾನೆ. ಮುಪ್ಪಾಗಿ ಸತ್ತ ಎತ್ತಿನ ಚರ್ಮವನ್ನು ಸುಲಿಯಲು ಬಿಡದೆ, ಮನುಷ್ಯರಿಗೆ ಮಾಡುವಂತೆ ಪೂಜಿಸಿ ಮಣ್ಣು ಮಾಡುತ್ತಾರೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ, ದುಡಿಯದ ದನಗಳ ಹಿಂಡನ್ನು ಸಾಕುವುದು ಸುಲಭದ ಕೆಲಸವಲ್ಲ. 2008ರ ನಂತರ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದಮೇಲೆ ಮೇವಿನ ನೆಲ ಮತ್ತಷ್ಟು ಕುಗ್ಗಿದೆ. ಆದರೂ ಆ ಜನ ತಮ್ಮ ಎತ್ತುಗಳನ್ನು ಬಿಟ್ಟಿಲ್ಲ.

ಎತ್ತನ್ನು ದೇವರೆಂದು ಪೂಜಿಸುವುದು ಶ್ರಾವಕನ ಮಾರ್ಗವಲ್ಲ. ಆದರೆ ಅಲ್ಲಿಂದ ಕಲಿಯತಕ್ಕದ್ದು ಒಂದುಂಟು. ಆ ಎತ್ತಿಗೆ ಸಲ್ಲುವ ಗೌರವ ಅದರ ದುಡಿಮೆಯ ಕೂಲಿಯಲ್ಲ. ಅದು ಬದುಕಿತ್ತು, ತಮ್ಮ ನಡುವೆ ಬದುಕಿತ್ತು, ಅಷ್ಟೇ ಸಾಕು. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತಾ ಬಾಳುತ್ತವೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಉಪಕಾರವೆಂದರೆ ಹಾಲು, ಗೊಬ್ಬರ, ಕಾವಲು ಇವಷ್ಟೇ ಅಲ್ಲ. ಮುದಿಪ್ರಾಣಿಯೊಂದರ ಸೇವೆ ಮಾಡುವ ಅವಕಾಶವೇ ಅದು ಮನೆಯವರಿಗೆ ಮಾಡುವ ಉಪಕಾರ. ಪ್ರತಿಫಲವಿಲ್ಲದ ಕಾರುಣ್ಯವನ್ನು ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯ ಗುರು ಸಿಗಲಾರದು.

ಮುಪ್ಪಿನ ಪ್ರಾಣಿಯ ಕೊನೆಯ ದಿನಗಳಲ್ಲಿ ಮತ್ತೊಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ನರಳುವುದನ್ನು ನೋಡಲಾಗದು, ಒಂದು ಸೂಜಿಮದ್ದಿನಿಂದ ಮುಗಿಸಿಬಿಡೋಣವೇ? 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ರೋಗದಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವಿಷದ ಸೂಜಿ ಕೊಡಿಸಿದರು. ಅದು ಅಹಿಂಸೆಯೇ ಎಂದು ಅವರು ತಮ್ಮ ಪತ್ರಿಕೆಗಳಲ್ಲಿ ವಾದಿಸಿದರು. ಜೈನ ಸಮಾಜದ ಅನೇಕರು ಅದನ್ನು ತೀವ್ರವಾಗಿ ವಿರೋಧಿಸಿದರು. ಗಾಂಧೀಜಿಯವರ ಉದ್ದೇಶದಲ್ಲಿ ಕ್ರೌರ್ಯವಿರಲಿಲ್ಲವೆಂಬುದು ನಿರ್ವಿವಾದ. ಆದರೂ ಜೈನದೃಷ್ಟಿ ಕೇಳುವ ಪ್ರಶ್ನೆ ಬೇರೆ. ಸಲ್ಲೇಖನ ವ್ರತವನ್ನು ಹಿಡಿಯುವವನು ತಾನೇ ಅರಿತು, ಗುರುಸಾಕ್ಷಿಯಾಗಿ, ಕ್ರಮಕ್ರಮವಾಗಿ ಆಹಾರವನ್ನು ತ್ಯಜಿಸುತ್ತಾನೆ. ಮೂಕಪ್ರಾಣಿ ಹಾಗೆ ಕೇಳಿಲ್ಲ. ಅದರ ಪರವಾಗಿ ನಿರ್ಧರಿಸುವವನು ಅದರ ನೋವನ್ನು ಕೊನೆಗಾಣಿಸುತ್ತಿದ್ದಾನೆಯೇ, ಅಥವಾ ಆ ನೋವನ್ನು ನೋಡುವ ತನ್ನ ಸಂಕಟವನ್ನು ಕೊನೆಗಾಣಿಸುತ್ತಿದ್ದಾನೆಯೇ? ಈ ಎರಡನ್ನು ಬಿಡಿಸಿ ಹೇಳುವುದು ಬಹುಮಂದಿಗೆ ಅಸಾಧ್ಯ. ಆದ್ದರಿಂದಲೇ ಆಯುಷ್ಯವನ್ನು ಕಡಿಯುವ ಅಧಿಕಾರವನ್ನು ಶ್ರಾವಕನು ಕೈಗೆತ್ತಿಕೊಳ್ಳಲಾರ. ಆದರೆ ಈ ನಿಲುವು ಆಲಸ್ಯಕ್ಕೆ ನೆಪವಾಗಬಾರದು. ಕೊಲ್ಲುವುದಿಲ್ಲವೆಂದು ಹೇಳಿ, ನೋವು ಕಡಿಮೆ ಮಾಡುವ ಔಷಧವನ್ನೂ ಕೊಡಿಸದೆ ಮೂಲೆಯಲ್ಲಿ ಬಿಡುವುದು ಅಹಿಂಸೆಯಲ್ಲ. ಪಶುವೈದ್ಯರನ್ನು ಕರೆಸಬೇಕು. ಮೆತ್ತನೆಯ ಹಾಸನ್ನು ಹಾಸಬೇಕು. ಮಗ್ಗುಲು ಬದಲಿಸಿ, ಹುಣ್ಣಾಗದಂತೆ ನೋಡಬೇಕು. ನೀರನ್ನು ಬಾಯಿಯ ಬಳಿಗೆ ಒಯ್ಯಬೇಕು.

ಇಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನೆಯುವುದು ಉಚಿತ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರುಗಳನ್ನು ತಡೆಯುವುದು. ಇವೆಲ್ಲವೂ ಮನೆಯಲ್ಲಿ ಸಾಕಿದ ಪ್ರಾಣಿಯ ವಿಷಯದಲ್ಲಿಯೇ ಹೆಚ್ಚಾಗಿ ಸಂಭವಿಸತಕ್ಕವು. ಪ್ರಾಣಿ ಸತ್ತ ಮೇಲೆ ಮನೆಯವರನ್ನು ಕಾಡುವ ನೆನಪುಗಳೂ ಬಹುಮಟ್ಟಿಗೆ ಇವೇ. ಅಂದು ಸಿಟ್ಟಿನಿಂದ ಹೊಡೆದದ್ದು, ಮದುವೆಯ ಗಡಿಬಿಡಿಯಲ್ಲಿ ದಿನವಿಡೀ ಕಟ್ಟಿಹಾಕಿದ್ದು, ಊರಿಗೆ ಹೋದಾಗ ನೀರಿಡಲು ಮರೆತದ್ದು. ಈ ಪಶ್ಚಾತ್ತಾಪ ವ್ಯರ್ಥವಲ್ಲ. ಅದು ಪ್ರತಿಕ್ರಮಣಕ್ಕೆ ದಾರಿ. ಸಕಲ ಜೀವಗಳಲ್ಲಿ ಕ್ಷಮೆ ಬೇಡುವ ಕ್ಷಮಾವಣಿಯ ದಿನ ಆ ಸಕಲ ಜೀವಗಳಲ್ಲಿ ಮನೆಯ ನಾಯಿಯೂ ಸೇರಿದೆಯೆಂಬುದು ಎಷ್ಟು ಮಂದಿಗೆ ನೆನಪಾಗುತ್ತದೆ?

ಸಾಕುವವರು ಮೊದಲೇ ಅರಿಯಬೇಕಾದ ಸತ್ಯವೊಂದಿದೆ. ಪಶ್ಚಿಮ ದೇಶಗಳ ಮನೆಗಳಲ್ಲಿ ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಸಣ್ಣ ಪ್ರಾಣಿಯನ್ನು ಸಾಕುತ್ತಾರೆ. ಆರೇಳು ವರ್ಷಕ್ಕೆ ಅದು ಮುಪ್ಪಾಗುತ್ತದೆ. ನಾಯಿಗೆ ಹನ್ನೆರಡು ಹದಿನೈದು ವರ್ಷ, ಹಸುವಿಗೆ ಇಪ್ಪತ್ತರ ಸುಮಾರು. ಆದ್ದರಿಂದ ಪ್ರಾಣಿಯನ್ನು ಮನೆಗೆ ತರುವವನು ಅದರ ಮರಣಕ್ಕೂ ಸಾಕ್ಷಿಯಾಗಲು ಒಪ್ಪಿಕೊಂಡೇ ತರುತ್ತಾನೆ. ಮನೆಯ ಮಕ್ಕಳಿಗೆ ಅನಿತ್ಯಭಾವನೆಯ ಮೊದಲ ಪಾಠ ಅನೇಕ ವೇಳೆ ಇಲ್ಲಿಯೇ ಆಗುತ್ತದೆ. “ಎಲ್ಲಿಗೆ ಹೋಯಿತು?” ಎಂದು ಕೇಳುವ ಮಗುವನ್ನು ಗದರಿಸಿ ಸುಮ್ಮನಾಗಿಸುವುದಾಗಲಿ, ನಾಳೆಯೇ ಮತ್ತೊಂದು ಮರಿಯನ್ನು ತಂದು ಮರೆಸುವುದಾಗಲಿ ಸರಿಯಲ್ಲ. ಮೊದಲನೆಯದು ಮಗುವಿನ ದಯೆಯನ್ನು ಒಣಗಿಸುತ್ತದೆ. ಎರಡನೆಯದು, ಜೀವಗಳು ಒಂದರ ಬದಲಿಗೆ ಇನ್ನೊಂದನ್ನು ಇಡಬಹುದಾದ ಪದಾರ್ಥಗಳೆಂದು ಕಲಿಸುತ್ತದೆ. ದೇಹ ಇಲ್ಲಿ ಉಳಿಯಿತು, ಜೀವ ತನ್ನ ಕರ್ಮಾನುಸಾರ ಮುಂದೆ ನಡೆಯಿತು, ಅದಕ್ಕೆ ಒಳ್ಳೆಯದಾಗಲೆಂದು ಬಯಸೋಣ ಎಂದು ತಿಳಿಯುವ ಮಾತಿನಲ್ಲಿ ಹೇಳಿದರೆ ಮಗುವಿಗೆ ಅಷ್ಟು ಸಾಕು.

ಹಾಗಾದರೆ ಸ್ಮರಣೆ ಹೇಗಿರಬೇಕು? ಕಲ್ಲು ನಿಲ್ಲಿಸಬೇಕಾಗಿಲ್ಲ, ಪಟಕ್ಕೆ ಹಾರ ಹಾಕಿ ಪೂಜಿಸಬೇಕಾಗಿಯೂ ಇಲ್ಲ. ಕೊನೆಯ ಗಳಿಗೆಯಲ್ಲಿ ಜೀವಂಧರನಂತೆ ಬಳಿಯಲ್ಲಿ ಕುಳಿತು ನಮಸ್ಕಾರ ಮಂತ್ರವನ್ನು ಹೇಳುವುದು, ದೇಹವನ್ನು ತಿಪ್ಪೆಗೆಸೆಯದೆ ಗೌರವದಿಂದ ಮಣ್ಣಿಗೆ ಸೇರಿಸುವುದು, ಮನೆಯವರೆಲ್ಲ ಕುಳಿತು ಆಲೋಚನೆ ಮಾಡಿಕೊಳ್ಳುವುದು, ಅದಕ್ಕೆ ತಗಲುತ್ತಿದ್ದ ಆಹಾರದ ವೆಚ್ಚವನ್ನು ಒಂದು ವರ್ಷ ಬೇರೊಂದು ಅನಾಥ ಪ್ರಾಣಿಗೆ ಮೀಸಲಿಡುವುದು, ಇಷ್ಟಾದರೆ ಸ್ಮರಣೆ ದಾನವಾಗುತ್ತದೆ. ಮುದಿದನಗಳನ್ನು ಸಾಕುವ ಪಿಂಜ್ರಾಪೋಲುಗಳನ್ನು ಜೈನ ಸಮಾಜ ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಮೈಸೂರಿನಲ್ಲಿಯೂ ಅಂಥದೊಂದಿದೆ. ಬಸದಿಗಳ ಆಡಳಿತ ಮಂಡಳಿಗಳು ಜೀರ್ಣೋದ್ಧಾರಕ್ಕೆಂದು ಕೂಡಿಸುವ ನಿಧಿಯಲ್ಲಿ ಒಂದು ಸಣ್ಣ ಪಾಲನ್ನು ಜೀರ್ಣವಾದ ಜೀವಗಳಿಗೂ ತೆಗೆದಿಟ್ಟರೆ ತಪ್ಪೇನು? ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಉರಿಯುವ ಕಟ್ಟಿಗೆಯೊಳಗಿನ ಸರ್ಪಗಳಿಗಾಗಿ ಮರುಗಿದ ಪಾರ್ಶ್ವಪ್ರಭುವಿನ ಶಿರದ ಮೇಲೆ ಹೆಡೆಯೆತ್ತಿದ ನಾಗನ ರೂಪ ಆ ಕಾರುಣ್ಯದ ಸ್ಮಾರಕವೇ ಅಲ್ಲವೇ?

ಕಣ್ಣೀರು ಬರುವುದು ದೋಷವಲ್ಲ. ಅದು ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. “ನನ್ನದು ಹೋಯಿತು” ಎಂಬಲ್ಲಿಯೇ ನಿಂತರೆ ಅದು ಆರ್ತಧ್ಯಾನ. ಹೊರಬಾಗಿಲಲ್ಲಿ ನೀರಿಗಾಗಿ ನಿಂತ ಮತ್ತೊಂದು ಪ್ರಾಣಿಯ ಕಡೆಗೆ ಅದು ಹರಿದರೆ ದಯೆ. ಸತ್ತ ಪ್ರಾಣಿಯ ಬಟ್ಟಲನ್ನು ಎತ್ತಿಡಲು ಮನಸ್ಸಾಗದವರು ಅದನ್ನು ತೊಳೆದು, ನೀರು ತುಂಬಿಸಿ, ಬಾಗಿಲ ಹೊರಗೆ ಇಡಲಿ.