ಬಸವನಗುಡಿಯ ದೇವರ ವ್ಯಾಜ್ಯ

ಸಂಕ್ರಾಂತಿಯ ಸಂಜೆ ಐದು ಹೊಡೆಯುವ ಹೊತ್ತಿಗೆ ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಕಲ್ಲಿನ ದೊಡ್ಡ ಬಿಲ್ಲೆಗಳು. ಒಳಗೆ ತಲೆ ತಗ್ಗಿಸಿಯೇ ಪ್ರದಕ್ಷಿಣೆ ಹಾಕಬೇಕಾದ ಗವಿ. ನೈಋತ್ಯಕ್ಕೆ ಇಳಿದ ಸೂರ್ಯನ ಬೆಳಕು ಕಿಟಕಿಯಿಂದ ತೂರಿ, ನಂದಿಯ ಎರಡು ಕೊಂಬುಗಳ ನಡುವೆ ಹಾದು, ಮೆಲ್ಲಗೆ ಮೇಲೇರಿ ಲಿಂಗವನ್ನು ಬೆಳಗುತ್ತದೆ. ಎಲ್ಲ ಕೆಲವೇ ನಿಮಿಷಗಳ ಮಾತು. ಟಿವಿಯವರು ನೇರಪ್ರಸಾರ ಮಾಡುತ್ತಾರೆ. ಮೋಡ ಅಡ್ಡ ಬಂದರಂತೂ ನಾಡಿಗೆ ಏನು ಕೇಡು ಕಾದಿದೆಯೋ ಎಂದು ರಾತ್ರಿಯವರೆಗೂ ಚರ್ಚೆ.

ಇದೇ ಬೆಳಕು ನವೆಂಬರ್ ಕೊನೆಯಲ್ಲೂ ಬೀಳುತ್ತದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುತ್ತಾನಾದ್ದರಿಂದ, ಅದಕ್ಕೆ 24 ದಿನ ಮುಂಚೆ ಯಾವ ದಾರಿಯಲ್ಲಿದ್ದನೋ 24 ದಿನ ಕಳೆದ ಮೇಲೆ ಮತ್ತೆ ಅದೇ ದಾರಿಗೆ ಬರುತ್ತಾನೆ. ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಚಿತ್ರಕಾರರು ಬರೆದ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ, ಗುಡಿಗೆ ಆಮೇಲೆ ಹೊಸ ಕಟ್ಟಡ ಸೇರಿರುವುದನ್ನೂ ಗುರುತಿಸಿದರು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಕಿಕ್ಕಿರಿಯುವ ದಿನಗಳ ಆಸುಪಾಸಿನಲ್ಲೇ, ಹತ್ತಿರದ ಗವಿಪುರದಲ್ಲಿ ಕ್ಯಾಮೆರಾಗಳ ಗದ್ದಲವಿಲ್ಲದೆ ಈ ಪವಾಡ ನಡೆದುಹೋಗುತ್ತದೆ.

ಹಾಗಾದರೆ ಆ ಬೆಳಕು ಯಾರಿಗೆ ಸಾಕ್ಷಿ? ದೇವರಿಗೋ, ಕಲ್ಲು ಕಡಿದ ಕುಶಲಿಗೋ?

ನಮ್ಮ ತಾರ್ಕಿಕರು ಈ ಪ್ರಶ್ನೆಯನ್ನು ಸಾವಿರ ವರ್ಷದ ಹಿಂದೆಯೇ ಎತ್ತಿಕೊಂಡಿದ್ದರು. 10ನೆಯ ಶತಮಾನದ ಕೊನೆಯ ಸುಮಾರಿಗಿದ್ದ ಮಿಥಿಲೆಯ ಉದಯನಾಚಾರ್ಯ 'ನ್ಯಾಯಕುಸುಮಾಂಜಲಿ'ಯಲ್ಲಿ ಹೂಡಿದ ವಾದಗಳಲ್ಲಿ ಮುಖ್ಯವಾದದ್ದು ಇದು: ಮಡಕೆಗೆ ಕುಂಬಾರನಿದ್ದಾನೆ, ಜಗತ್ತೂ ಒಂದು ಕಾರ್ಯ, ಆದ್ದರಿಂದ ಅದಕ್ಕೂ ಕರ್ತೃ ಇರಲೇಬೇಕು. ಪುರಿ ಜಗನ್ನಾಥನ ಗುಡಿಯ ಬಾಗಿಲು ತೆರೆಯದಿದ್ದಾಗ ಈತ ಸಿಟ್ಟಾಗಿ, ಬೌದ್ಧರು ವಾದಕ್ಕೆ ಬಂದರೆ ನಿನ್ನ ಇರವು ನನ್ನ ಕೈಯಲ್ಲಿದೆ, ಮರೆಯಬೇಡ ಎಂದು ದೇವರನ್ನೇ ಗದರಿಸಿದನೆಂದು ಐತಿಹ್ಯ. ವಕೀಲ ಕಕ್ಷಿಗಾರನಿಗೆ ಫೀಸು ನೆನಪಿಸಿದ ಧಾಟಿ!

ಈ ವಾದಕ್ಕೆ ಬಿದ್ದ ಬಲವಾದ ಪೆಟ್ಟುಗಳಲ್ಲಿ ಒಂದು ನಾಸ್ತಿಕನದಲ್ಲ, ಮೇಲುಕೋಟೆಯಲ್ಲಿ ಚೆಲುವನಾರಾಯಣನನ್ನು ಪ್ರತಿಷ್ಠಾಪಿಸಿದ ರಾಮಾನುಜಾಚಾರ್ಯರದು. ಬೆಟ್ಟ, ಕಡಲುಗಳೆಲ್ಲ ಏಕಕಾಲಕ್ಕೆ ಒಬ್ಬನಿಂದಲೇ ಆದವು ಎನ್ನಲು ಏನು ಆಧಾರ, ಬೇರೆಬೇರೆ ಕಾಲಕ್ಕೆ ಬೇರೆಬೇರೆಯವರು ಮಾಡಿರಬಾರದೇಕೆ ಎಂದು ಶ್ರೀಭಾಷ್ಯದಲ್ಲಿ ಅವರು ಕೇಳುತ್ತಾರೆ. ಕುಂಬಾರನ ಹೋಲಿಕೆಯನ್ನೇ ಹಿಡಿದು ಹೊರಟರೆ ಸಿಗುವುದು ಮೈಕೈ ಇರುವ, ಮಿತಶಕ್ತಿಯ ಒಬ್ಬ ಕರ್ತೃ ಮಾತ್ರ, ಸರ್ವಜ್ಞನಾದ ಈಶ್ವರನಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಸತ್ತ ಮೇಲೆ, 1779ರಲ್ಲಿ ಹೊರಬಂದ ಅವನ ಸಂವಾದಗ್ರಂಥದಲ್ಲೂ ಇಂಥದೇ ಆಕ್ಷೇಪಗಳಿವೆ. ಹ್ಯೂಮ್ ಅಲ್ಲಿ ಸಂದೇಹದಲ್ಲಿ ನಿಂತ. ರಾಮಾನುಜರು ಶಾಸ್ತ್ರದತ್ತ ತಿರುಗಿದರು: ದೇವರು ತಿಳಿಯುವುದು ಶ್ರುತಿಯಿಂದ, ತರ್ಕದ ಅನುಮಾನದಿಂದಲ್ಲ. ಬರೀ ತರ್ಕದಿಂದ ಬ್ರಹ್ಮ ಸಿದ್ಧಿಸದು ಎಂಬಲ್ಲಿ ಶಂಕರರೂ ಮಧ್ವರೂ ಒಟ್ಟಿಗೇ ಇದ್ದಾರೆ. ಅಂದರೆ ಬಸವನಗುಡಿ, ಶಂಕರಪುರ, ಚಾಮರಾಜಪೇಟೆಯ ಮಠಗಳಲ್ಲಿ ಭಾಷ್ಯಪಾಠ ಹೇಳುವ ಮೂರೂ ಮತದವರು ಈ ಒಂದು ವಿಷಯದಲ್ಲಿ ಮಾತ್ರ ಜಗಳವಾಡುವುದಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ಎಚ್ಚೆನ್ ಎಂದೇ ಹೆಸರಾದ ಎಚ್. ನರಸಿಂಹಯ್ಯನವರ ಜಗಳ ಬೇರೆಯದೇ ಆಗಿ ಕಾಣುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಅಮೆರಿಕದ ಓಹಾಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳು ಕಳೆದ ಖಾದಿಯ ಮೇಷ್ಟ್ರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. 'ಪರೀಕ್ಷಿಸಬಹುದಾದ' ಎಂಬುದು ಅಲಂಕಾರಕ್ಕೆ ಬಂದ ಮಾತಲ್ಲ. ದೇವರಿದ್ದಾನೆಯೇ ಎಂದು ಸಮಿತಿ ಕೇಳಲಿಲ್ಲ. ಗಾಳಿಯಿಂದ ವಿಭೂತಿ, ಉಂಗುರ ಬರುತ್ತದೆಯೇ ಎಂದು ಕೇಳಿತು. ಸತ್ಯಸಾಯಿ ಬಾಬಾ ಅವರಿಗೆ ಎಚ್ಚೆನ್ ಮೂರು ಪತ್ರ ಬರೆದರು, ಉತ್ತರ ಬರಲಿಲ್ಲ. ತೋಳಿನಲ್ಲಿ ಬಚ್ಚಿಡಲಾಗದ ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂಬ ಸವಾಲು ಊರೆಲ್ಲ ಓಡಾಡಿತು. ಪಾಂಡವಪುರದಲ್ಲಿ ವಿಭೂತಿ ಉದುರಿಸುತ್ತಿದ್ದ ಬಾಲಕನೊಬ್ಬನ ಬಳಿಗೆ ಸಮಿತಿ ಹೋದಾಗ, ವಿಭೂತಿ ಇದ್ದದ್ದು ಅಂಗಿಯ ಒಳಗೆ.

ಇದರಿಂದ ನಿಜವಾದ ಆಸ್ತಿಕ ಕಳೆದುಕೊಂಡದ್ದೇನೂ ಇಲ್ಲ. ಪವಾಡವನ್ನು ದೇವರ ರುಜುವಾತೆಂದು ಹಿಡಿದವನು ಕೈಚಳಕ ಬಯಲಾದ ದಿನ ದೇವರನ್ನೂ ಕಳೆದುಕೊಳ್ಳುತ್ತಾನೆ. ಶ್ರುತಿಯನ್ನು ನಂಬಿದವನಿಗೆ ಆ ಭಯವಿಲ್ಲ. ಮಠಗಳು ಎಚ್ಚೆನ್‌ಗೆ ಒಂದು ಶಾಲು ಹೊದಿಸಬಹುದಿತ್ತು.

ಇನ್ನೊಂದು ತಮಾಷೆಯೂ ಉಂಟು. ಎಚ್ಚೆನ್ ದುಡಿದ ಸಂಸ್ಥೆಯ ಬೇರು 1917ರ ನ್ಯಾಷನಲ್ ಹೈಸ್ಕೂಲು; ಅದಕ್ಕೆ ಪ್ರೇರಣೆ ಆನಿ ಬೆಸೆಂಟ್. ಆಕೆ 1870ರ ದಶಕದ ಲಂಡನ್ನಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಜತೆ ನಿಂತು ನಿರೀಶ್ವರವಾದದ ಕಿರುಹೊತ್ತಗೆಗಳನ್ನು ಬರೆದಾಕೆ. 1889ರಲ್ಲಿ ಥಿಯಾಸಫಿ ಸಂಘದ ಸಹಸ್ಥಾಪಕಿ ಬ್ಲಾವಟ್‌ಸ್ಕಿಯ ಪ್ರಭಾವಕ್ಕೆ ಸಿಕ್ಕಿ ಆ ಪಂಥಕ್ಕೆ ಬಂದರು. ನಾಸ್ತಿಕತೆ ಬಿಟ್ಟು ಬಂದವರ ಪ್ರೇರಣೆಯಿಂದ ಹುಟ್ಟಿದ ಶಾಲೆಯ ಪರಂಪರೆಯಲ್ಲಿ ಬಸವನಗುಡಿಯ ಸಂದೇಹವಾದ ಬೆಳೆಯಿತು.

ಇತ್ತ ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿವಿಜಿ ಆಸ್ತಿಕರೆಂದೇ ಹೆಸರಾದವರು. ಆದರೆ ಅವರ 1943ರ 'ಮಂಕುತಿಮ್ಮನ ಕಗ್ಗ'ದ ಮೊದಲ ಪದ್ಯಗಳನ್ನು ನಿಧಾನವಾಗಿ ಓದಿ. ಜನ ಕಣ್ಣಿಂದ ಕಾಣದೆಯೂ ಪ್ರೀತಿಯಿಂದ ನಂಬಿರುವ ಆ ವಿಚಿತ್ರಕ್ಕೆ ಅಲ್ಲಿ ನಮಸ್ಕಾರ. ಮುಂದುವರಿದರೆ ಅದು ಇದೆಯೋ ಇಲ್ಲವೋ ಎಂಬ ಪ್ರಶ್ನೆ, ಶರಣಾಗತಿಗೂ ಒಂದು 'ಆದರೆ'. ಮನೆಮನೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪುಸ್ತಕದ ಬಾಗಿಲಲ್ಲೇ ಅನುಮಾನ ಕೂತಿದೆ.

ಸರಿಯಾದ ಸ್ಥಳಕ್ಕೆ ಏಟು ಕೊಟ್ಟವರು ಸಾಹಿತಿ ಎ.ಎನ್. ಮೂರ್ತಿರಾಯರು. 1991ರಲ್ಲಿ, ತೊಂಬತ್ತು ದಾಟಿದ ಮೇಲೆ, 'ದೇವರು' ಎಂಬ ಪುಸ್ತಕ ಬರೆದು, ಕರುಣಾಳುವೂ ಸರ್ವಶಕ್ತನೂ ಆದ ದೇವರನ್ನು ಈ ಲೋಕದ ನೋವಿನೊಡನೆ ಹೊಂದಿಸಲಾಗದು ಎಂದರು. ಇದಕ್ಕೆ ವೇದಾಂತಿಗಳ ಉತ್ತರ ಬ್ರಹ್ಮಸೂತ್ರದಲ್ಲೇ ಇದೆ, 'ವೈಷಮ್ಯ ನೈರ್ಘೃಣ್ಯ'ದ ಚರ್ಚೆಯಲ್ಲಿ: ದೇವರು ಪಕ್ಷಪಾತಿಯೂ ಅಲ್ಲ, ನಿರ್ದಯಿಯೂ ಅಲ್ಲ, ಅವರವರ ಕರ್ಮಕ್ಕೆ ತಕ್ಕ ಫಲ, ಕರ್ಮಕ್ಕೋ ಆದಿಯಿಲ್ಲ. ಲೆಕ್ಕ ಸರಿಹೋಗುತ್ತದೆ. ಆದರೆ ಕಾಯಿಲೆಯ ಕೂಸಿನ ಹಾಸಿಗೆ ಪಕ್ಕ ಕೂತ ತಾಯಿಗೆ ಇದನ್ನು ಹೇಳಲು ಪಂಡಿತರೂ ಹಿಂಜರಿಯುತ್ತಾರೆ. ಅಲ್ಲಿಗೆ ವಾದದ ದೌರ್ಬಲ್ಯ ಅವರಿಗೂ ಗೊತ್ತು ಎಂದಾಯಿತು.

ಆ ಪುಸ್ತಕಕ್ಕೆ ಕರ್ನಾಟಕ ಸರ್ಕಾರ ಪಂಪ ಪ್ರಶಸ್ತಿ ಕೊಟ್ಟಿತು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಮುಂದಿನ ರಸ್ತೆಗೂ ಪಂಪ ಮಹಾಕವಿಯದೇ ಹೆಸರು. ಪಂಪ 941ರಲ್ಲಿ ಬರೆದ ಆದಿಪುರಾಣಕ್ಕೆ ಮೂಲ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರ ಸಂಸ್ಕೃತ ಪುರಾಣ. ಸೃಷ್ಟಿಕರ್ತನೊಬ್ಬ ಇದ್ದಾನೆಂಬ ಮಾತನ್ನು ಅದರಲ್ಲಿ ಒಂದೊಂದೇ ಪ್ರಶ್ನೆ ಹಾಕಿ ಕೆಡವಲಾಗಿದೆ. ಕಾರ್ಲ್ ಸೇಗನ್ 'ಕಾಸ್ಮಾಸ್'ನಲ್ಲಿ ಆ ಭಾಗವನ್ನು ಎತ್ತಿಕೊಂಡಿದ್ದಾನೆ. ನಿರೀಶ್ವರವಾದ ಹಡಗಿನಲ್ಲಿ ಬಂದ ಸರಕು ಎನ್ನುವವರು ನೃಪತುಂಗನ ರಾಜಧಾನಿ ಮಾನ್ಯಖೇಟದ ಕಡೆ ಒಮ್ಮೆ ನೋಡಬೇಕು.

ಮಾತಿಗೆ ಮಾತು ಎಂಬ ಆ ಪದ್ಧತಿ ಉಳಿದಿದೆಯೇ? 2014ರ ಜೂನ್‌ನಲ್ಲಿ ಮೂಢನಂಬಿಕೆ ತಡೆ ಮಸೂದೆಯ ಬಗ್ಗೆ ಬೆಂಗಳೂರಿನಲ್ಲಿ ನಡೆದ ಸಭೆಯಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ವಿಗ್ರಹಾರಾಧನೆಯ ಕುರಿತು ಆಡಿದ ಮಾತು ದೊಡ್ಡ ಗಲಾಟೆಯಾಯಿತು. ಮರುವರ್ಷ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಮೂಢನಂಬಿಕೆ ತಡೆಯ ಕಾಯಿದೆ 2017ರಲ್ಲಿ ಬಂತು, 2020ರಲ್ಲಿ ಜಾರಿಯಾಯಿತು. ಉಂಡ ಎಲೆಗಳ ಮೇಲೆ ಉರುಳುವ ಮಡೆಸ್ನಾನದಂಥ ಅಮಾನುಷ ಆಚರಣೆಗಳಿಗೆ ಅದು ತಡೆ ಹಾಕುತ್ತದೆ. ಪೂಜೆ, ಯಾತ್ರೆ, ಹರಿಕಥೆಗಳನ್ನು ಮುಟ್ಟುವುದಿಲ್ಲ. ಎಚ್ಚೆನ್ ಜೀವಮಾನವಿಡೀ ಬಹಿರಂಗವಾಗಿ ಜಗಳ ಕಾದ ಜ್ಯೋತಿಷ್ಯಕ್ಕೂ, ವಾಸ್ತು ಸಲಹೆಗೂ ಅದರಲ್ಲಿ ವಿನಾಯಿತಿಯಿದೆ.