ಹಾರುವ ಮೊದಲಿನ ನಲವತ್ತೈದು ಕಿಲೋಮೀಟರ್

ಅಕ್ಕನ ಮಗ ಎಂ.ಎ. ಓದಲು ದೆಹಲಿಗೆ ಹೊರಟಿದ್ದ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ, 'ನಾಳೆ ಯಾರೂ ಬರೋದು ಬೇಡ, ಬನಶಂಕರಿಯಲ್ಲಿ ವಾಯುವಜ್ರ ಹತ್ತಿ ಏರ್‌ಪೋರ್ಟಿಗೆ ಹೋಗ್ತೀನಿ' ಅಂದ. ಮೊದಲು ಬಾಯಿಬಿಟ್ಟದ್ದು ಅಜ್ಜಿ: 'ವಿಮಾನದಲ್ಲಿ ಹೋಗೋನು ಬಸ್ಸಲ್ಲಿ ಹೋಗ್ತಾನಂತೆ!' ಭಾವ ಆಗಲೇ ಕಾರಿಗೆ ಪೆಟ್ರೋಲ್ ತುಂಬಿಸಿ ತಂದಿದ್ದರು. ಒಬ್ಬನಿಗಾಗಿ ಒಂದು ಕಾರು ಅಷ್ಟು ದೂರ ಹೋಗಿ ಬರುವುದು ಸರಿಯಲ್ಲ, ಹೊಗೆ, ಟ್ರಾಫಿಕ್ಕು ಎಂದು ಹುಡುಗ ಏನೋ ಹೇಳಲು ಹೋದ. ಭಾವ ನಕ್ಕರು. 'ಆಕಾಶದಲ್ಲಿ ಟನ್ನುಗಟ್ಟಲೆ ಎಣ್ಣೆ ಸುಡೋ ವಿಮಾನದಲ್ಲಿ ಕೂರೋನು ನೆಲದ ಮೇಲೆ ಎರಡು ಲೀಟರ್ ಉಳಿಸ್ತಾನಂತೆ. ಆನೆಗೆ ಲೆಕ್ಕ ಇಲ್ಲ, ಅಡಿಕೆಗೆ ಲೆಕ್ಕ!'

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಹುಡುಗ ಮಾತ್ರ ನಗದೆ, 'ಹಾಗಾದ್ರೆ ನಾನು ಮಾಡ್ತಿರೋದು ಬರೀ ತೋರಿಕೆನಾ, ಮಾಮ?' ಎಂದು ನನ್ನನ್ನು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿಕೊಂಡ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭಾವನ ಲೆಕ್ಕವನ್ನೇ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬನಶಂಕರಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 45 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಮೂರು ಲೀಟರ್ ಬೇಕು, ಅಂದರೆ ಏಳು ಕೆ.ಜಿ. ಕಳಿಸಲು ಹೋದ ಕಾರು ಖಾಲಿಯಾಗಿ ಮನೆಗೆ ವಾಪಸು ಬರಬೇಕಲ್ಲ, ಅಲ್ಲಿಗೆ ಹದಿನಾಲ್ಕು. ಅರ್ಧ ತುಂಬಿದ ಬಸ್ಸಿನಲ್ಲಿ ಒಬ್ಬರ ಪಾಲಿಗೆ ಎರಡು ಕೆ.ಜಿ. ಆಸುಪಾಸು ಬರಬಹುದು. ಉಳಿತಾಯ ಹೆಚ್ಚೆಂದರೆ ಹನ್ನೆರಡು ಕೆ.ಜಿ. ದೆಹಲಿಗೆ ಆಕಾಶದಲ್ಲಿ ಸುಮಾರು 1,700 ಕಿ.ಮೀ. ದೂರ. ಆ ಹಾರಾಟದಲ್ಲಿ ಒಬ್ಬರ ಪಾಲಿಗೆ ಬರುವುದು ನೂರು ಕೆ.ಜಿ.ಗೂ ಹೆಚ್ಚು. ಭಾವ ಹೇಳಿದ್ದರಲ್ಲಿ ತಪ್ಪಿಲ್ಲ. ವಿಮಾನದ ಪಾಪವನ್ನು ಬಸ್ಸಿನ ಪುಣ್ಯದಿಂದ ತೊಳೆದುಕೊಳ್ಳುತ್ತೇನೆ ಎಂದು ಹೊರಟವನಿಗೆ ಈ ಲೆಕ್ಕ ನಷ್ಟದ್ದೇ.

ಆದರೆ ದೊಡ್ಡದನ್ನು ಬಿಡಲಾಗದವನು ಸಣ್ಣದನ್ನೂ ಬಿಡಬೇಕಾಗಿಲ್ಲ ಎಂಬ ಮಾತು ಈ ಲೆಕ್ಕದಿಂದ ಹುಟ್ಟುವುದಿಲ್ಲ. ಮನೆ ಕಟ್ಟಲು ಲಕ್ಷಾಂತರ ಸಾಲ ಮಾಡಿದವನು ಕಿರಾಣಿ ಅಂಗಡಿಯ ನೂರು ರೂಪಾಯಿ ಬಾಕಿ ಕೊಡದೆ, 'ನನ್ನ ಸಾಲದ ಮುಂದೆ ಇದು ಯಾವ ಲೆಕ್ಕ?' ಎಂದರೆ ಅಂಗಡಿಯವನು ಒಪ್ಪುತ್ತಾನೆಯೇ? ಎರಡೂ ಬೇರೆ ಬೇರೆ ಋಣ. ಕೊಡಬೇಕಾದವರೂ ಬೇರೆ.

ಇನ್ನೊಂದು ವ್ಯತ್ಯಾಸವೂ ಇದೆ. ದೆಹಲಿಗೆ ವಿಮಾನ ಬೇಡವೆಂದರೆ ರೈಲು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದೂವರೆ ದಿನ ಮೀರುತ್ತದೆ. ಕೆಲವರಿಗೆ ಅದು ಸಾಧ್ಯ, ಕೆಲವರಿಗೆ ಇಲ್ಲ. ಏರ್‌ಪೋರ್ಟಿಗೆ ಕಾರು ಬೇಡವೆಂದರೆ ಬಸ್ಸು. ಬಿಡಬೇಕಾದದ್ದು ಅರ್ಧ ಗಂಟೆ, ಮುಕ್ಕಾಲು ಗಂಟೆ, ಸ್ವಲ್ಪ ಆರಾಮ. ಒಬ್ಬ ಮನುಷ್ಯನಿಂದ ನಾವು ಏನನ್ನು ನಿರೀಕ್ಷಿಸಬಹುದು ಎಂಬುದು ಅದರಿಂದ ಎಷ್ಟು ಹೊಗೆ ಕಡಿಮೆಯಾಗುತ್ತದೆ ಎಂಬುದರ ಮೇಲೆ ಮಾತ್ರ ನಿಂತಿಲ್ಲ, ಅವನು ಎಷ್ಟು ಕಳೆದುಕೊಳ್ಳಬೇಕು ಎಂಬುದರ ಮೇಲೂ ನಿಂತಿದೆ. ಕಳೆದುಕೊಳ್ಳುವುದು ಕಡಿಮೆ ಇದ್ದಲ್ಲಿ ಹೊಣೆ ಹೆಚ್ಚು. ಇದೇ ಮಾತನ್ನು ಚೆನ್ನೈಗೆ ಹೋಗುವವರಿಗೆ ಹೇಳುವಾಗ ಪ್ರಶ್ನೆ ಬಸ್ಸಿನ ಹತ್ತಿರ ನಿಲ್ಲುವುದಿಲ್ಲ. ಐದು ಗಂಟೆಯೊಳಗೆ ಮುಟ್ಟಿಸುವ ರೈಲುಗಳಿರುವಾಗ ಅಲ್ಲಿಗೆ ಹಾರುವುದೇ ಬೇಕೆ ಎಂದು ಕೇಳಬೇಕಾಗುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ: ನನ್ನೊಬ್ಬನ ಕಾರಿನಿಂದ ಏನಾಗುತ್ತದೆ? ಇದು ಬರೀ ಸೋಮಾರಿಗಳ ಮಾತಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞ ವಾಲ್ಟರ್ ಸಿನ್ನಟ್-ಆರ್ಮ್‌ಸ್ಟ್ರಾಂಗ್ 2005ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಭಾನುವಾರ ಮಧ್ಯಾಹ್ನ ಸುಮ್ಮನೆ ಮಜಕ್ಕೆಂದು ದೊಡ್ಡ ಕಾರು ಓಡಿಸುವುದು ತಪ್ಪೇ ಎಂದು ಕೇಳುತ್ತಾರೆ. ಒಂದೊಂದಾಗಿ ನೈತಿಕ ಸೂತ್ರಗಳನ್ನು ಪರೀಕ್ಷಿಸಿ, ಯಾವುದೂ ಅದನ್ನು ತಪ್ಪೆಂದು ಸಾಬೀತು ಮಾಡುವುದಿಲ್ಲ ಎಂಬಲ್ಲಿಗೆ ಬರುತ್ತಾರೆ. ಆ ಒಂದು ಸವಾರಿಯಿಂದ ಭೂಮಿ ಬಿಸಿಯಾಗುವುದಿಲ್ಲ. ನಮ್ಮ ನಿಜವಾದ ಕರ್ತವ್ಯ ಸರ್ಕಾರಗಳು ಕೆಲಸ ಮಾಡುವಂತೆ ಮಾಡುವುದು ಎಂಬುದು ಅವರ ನಿಲುವು.

ಇದಕ್ಕೆ ಎದುರಾಗಿ ನಿಲ್ಲುವುದು ಡೆರೆಕ್ ಪಾರ್ಫಿಟ್ 1984ರ ತನ್ನ 'ರೀಸನ್ಸ್ ಅಂಡ್ ಪರ್ಸನ್ಸ್' ಪುಸ್ತಕದಲ್ಲಿ ಕಟ್ಟಿದ ಒಂದು ಕಲ್ಪನೆ. ಸಾವಿರ ಜನ ಚಿತ್ರಹಿಂಸೆ ಕೊಡುವವರು, ಸಾವಿರ ಜನ ಅನುಭವಿಸುವವರು. ಪ್ರತಿಯೊಬ್ಬನೂ ಒತ್ತುವ ಗುಂಡಿಯಿಂದ ಪ್ರತಿ ಬಲಿಪಶುವಿನ ನೋವು ಗೊತ್ತೇ ಆಗದಷ್ಟು ಮಾತ್ರ ಏರುತ್ತದೆ. ಆದರೆ ಸಾವಿರ ಜನವೂ ಒತ್ತಿದಾಗ ಅದು ಘೋರ ಯಾತನೆ. ಯಾರನ್ನು ಕೇಳಿದರೂ 'ನನ್ನಿಂದ ಯಾರಿಗೂ ಏನೂ ಆಗಿಲ್ಲ' ಅನ್ನಬಹುದು, ಅದು ಒಂದರ್ಥದಲ್ಲಿ ನಿಜವೂ ಹೌದು. ಆದರೂ ಅವರೆಲ್ಲರೂ ತಪ್ಪಿತಸ್ಥರು. ನಾನೊಬ್ಬನೇ ಏನು ಮಾಡಿದೆ ಎಂದು ಕೇಳಿಕೊಂಡರೆ ಸಾಲದು, ನಾವೆಲ್ಲ ಸೇರಿ ಏನು ಮಾಡುತ್ತಿದ್ದೇವೆ ಎಂದೂ ಕೇಳಬೇಕು ಎಂಬುದು ಅವರ ವಾದದ ಸಾರ.

ಈ ಎರಡು ವಾದಗಳ ನಡುವೆ ಹವಾಮಾನದ ಬಗ್ಗೆ ತೀರ್ಪು ಕೊಡುವುದು ಕಷ್ಟ. ಬಳ್ಳಾರಿ ರಸ್ತೆಯ ಬಗ್ಗೆ ಅಷ್ಟು ಕಷ್ಟವಿಲ್ಲ. ಏಕೆಂದರೆ ಭೂಮಿ ಬಿಸಿಯಾಗುವುದು ಎಲ್ಲೋ, ಯಾವಾಗಲೋ, ಯಾರಿಗೋ. ಬಳ್ಳಾರಿ ರಸ್ತೆಯ ಹೊಗೆಗೆ ವಿಳಾಸವಿದೆ. ಕೆಂಪೇಗೌಡರ ಕಾಲದ್ದೆನ್ನುವ ಗಡಿ ಗೋಪುರವೊಂದು ಮೇಖ್ರಿ ವೃತ್ತದ ಬಳಿ ಇದೆ. ಅದೇ ದಾರಿಯ ಕೊನೆಗೆ, ವಿಮಾನ ನಿಲ್ದಾಣದ ಆವರಣದಲ್ಲಿ, 2022ರಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆ. ಈ ಎರಡರ ನಡುವೆ ಗಂಗಾನಗರ, ಹೆಬ್ಬಾಳ, ಬ್ಯಾಟರಾಯನಪುರ, ಜಕ್ಕೂರು, ಯಲಹಂಕ, ಚಿಕ್ಕಜಾಲ. ಹೆಬ್ಬಾಳ ದಾಟಿದ ಮೇಲೆ ನಮ್ಮ ಕಾರು ಎತ್ತರಿಸಿದ ರಸ್ತೆ ಹತ್ತುತ್ತದೆ. ಕೆಳಗೆ ಸರ್ವಿಸ್ ರಸ್ತೆಯಲ್ಲಿ ಮಾಮೂಲಿ ಬಸ್ಸಿಗೆ ಕಾಯುವವರು, ಶಾಲೆ ಬಿಟ್ಟ ಮಕ್ಕಳು, ರಸ್ತೆ ದಾಟಲು ಮೆಟ್ಟಿಲು ಹತ್ತುವ ಮುದುಕರು. ಅವರಲ್ಲಿ ಹೆಚ್ಚಿನವರು ವಿಮಾನ ಹತ್ತಿದವರಲ್ಲ. ನಮ್ಮ ಅವಸರ ಅವರ ಊರ ಮೇಲೆ ಹಾದುಹೋಗುತ್ತದೆ. 2024-25ರಲ್ಲಿ ಈ ನಿಲ್ದಾಣವನ್ನು ಬಳಸಿದ ಪ್ರಯಾಣಿಕರು 4 ಕೋಟಿಗೂ ಹೆಚ್ಚು. ಹೆಬ್ಬಾಳದಲ್ಲಿ ಸಿಕ್ಕಿಕೊಂಡ ಪ್ರತಿ ಕಾರೂ ತನ್ನ ಹಿಂದಿನ ಸಿಟಿ ಬಸ್ಸಿನ ಐವತ್ತು ಜನರ ಸಮಯದಲ್ಲಿ ಚೂರು ಚೂರು ತಿನ್ನುತ್ತದೆ. ಪಾರ್ಫಿಟ್ ಹೇಳಿದ ಗುಂಡಿ ಇಲ್ಲಿ ನಮ್ಮ ಫೋನಿನಲ್ಲೇ ಇದೆ.

2016ರ ಅಕ್ಟೋಬರ್ ನನಗೆ ನೆನಪಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ಏರ್‌ಪೋರ್ಟಿಗೆ ಬೇಗ ಮುಟ್ಟಲು ಅದು ಬೇಕು ಎಂಬುದು ಮುಖ್ಯ ಸಮರ್ಥನೆ. 812 ಮರ ಕಡಿಯಬೇಕಿತ್ತು. ಸಾವಿರಾರು ಜನ ಬೀದಿಗಿಳಿದು ಮಾನವ ಸರಪಳಿ ಮಾಡಿ 'ಬೇಡ' ಅಂದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಈ ನಗರ ಹೆಮ್ಮೆಪಡಬೇಕಾದ ಗೆಲುವು ಅದು. ಆದರೆ ಆಮೇಲೂ ನಾವು ಏರ್‌ಪೋರ್ಟಿಗೆ ಹೋದದ್ದು ಹೆಚ್ಚಾಗಿ ಕಾರಿನಲ್ಲೇ. ಬೇಡ ಅಂದದ್ದು ಮೇಲ್ಸೇತುವೆಗೆ. ಆ ಮೇಲ್ಸೇತುವೆಯನ್ನು ಕೇಳುತ್ತಿದ್ದದ್ದು ಮಾತ್ರ ನಮ್ಮದೇ ಕಾರು. ಅದನ್ನು ಮನೆಯಲ್ಲಿಟ್ಟುಕೊಂಡು ಮರಗಳನ್ನು ಎಷ್ಟು ದಿನ ಕಾಯಬಹುದು? ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಮಾತು ಎದ್ದಿದೆ. ಬಸ್ಸಿನಲ್ಲಿ ಕೂತವನ 'ಬೇಡ'ಕ್ಕೆ ಇರುವ ಬಲ ಕಾರಿನಲ್ಲಿ ಕೂತವನ 'ಬೇಡ'ಕ್ಕೆ ಇರುವುದಿಲ್ಲ. ಸರ್ಕಾರವನ್ನು ಬದಲಿಸುವುದೇ ನಿಜವಾದ ಕರ್ತವ್ಯ ಎಂಬುದನ್ನು ಒಪ್ಪಿದರೂ ನಾವು ಬಸ್ ನಿಲ್ದಾಣಕ್ಕೇ ಬಂದು ನಿಲ್ಲುತ್ತೇವೆ.

ಹಾಗೆಂದು ಕಾರು ಹಿಡಿದವರಿಗೆಲ್ಲ ಉಪದೇಶ ಮಾಡುವುದು ಅನ್ಯಾಯ. ಜನ ಟ್ಯಾಕ್ಸಿ ಹಿಡಿಯುವುದು ಶೋಕಿಗಿಂತ ಹೆಚ್ಚಾಗಿ ಭಯಕ್ಕೆ. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಸಿಗುತ್ತದೆ, ವಿಮಾನ ತಪ್ಪಿದರೆ ತಿಂಗಳ ಸಂಬಳ ಹೋಗಬಹುದು. ಆ ಭಯವನ್ನು ಸೃಷ್ಟಿಸಿದ್ದು ಪ್ರಯಾಣಿಕರಲ್ಲ. ಹಾಂಗ್‌ಕಾಂಗ್‌ನ ಹೊಸ ವಿಮಾನ ನಿಲ್ದಾಣ 1998ರ ಜುಲೈನಲ್ಲಿ ತೆರೆದಾಗ ನಗರದಿಂದ ಅಲ್ಲಿಗೆ ಹೋಗುವ ರೈಲೂ ಅದರ ಜೊತೆಗೇ ಓಡಿತು. ನಮ್ಮ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆದಾಗ ಇದ್ದದ್ದು ರಸ್ತೆಯೊಂದೇ. ಯಲಹಂಕ, ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳೆಯ ರೈಲು ಹಳಿ ಪಕ್ಕದಲ್ಲೇ ಇತ್ತು. ಅಲ್ಲಿ ಒಂದು ಪುಟ್ಟ ಹಾಲ್ಟ್ ಸ್ಟೇಷನ್ ಶುರುವಾದದ್ದು 2021ರ ಜನವರಿಯಲ್ಲಿ. ಟಿಕೆಟ್ಟಿಗೆ ಒಂದು ಕಾಫಿಯ ಬೆಲೆ, ಆದರೆ ರೈಲುಗಳು ಬೆರಳೆಣಿಕೆಯಷ್ಟು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ಬರಬೇಕಾದ ಮೆಟ್ರೊಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ. ಅಷ್ಟು ಹೊತ್ತಿಗೆ ಒಂದು ಇಡೀ ತಲೆಮಾರು ಕಾರಿಗೆ ಒಗ್ಗಿಹೋಗಿತ್ತು.

ಸಂಸ್ಥೆಗಳ ಲೆಕ್ಕದ ಪುಸ್ತಕದಲ್ಲೂ ಒಂದು ಜಾಣತನಕ್ಕೆ ಜಾಗವಿದೆ. ಇಂಗಾಲದ ಲೆಕ್ಕವನ್ನು ಜಗತ್ತಿನೆಲ್ಲೆಡೆ ಮೂರು ವರ್ಗ ಮಾಡುತ್ತಾರೆ: ಸಂಸ್ಥೆ ತಾನೇ ಸುಟ್ಟದ್ದು, ಕೊಂಡ ವಿದ್ಯುತ್ತಿನದ್ದು, ಉಳಿದವರು ತನ್ನಿಂದಾಗಿ ಸುಟ್ಟದ್ದು. ನಮ್ಮ ಟ್ಯಾಕ್ಸಿ ಸವಾರಿ ಬರುವುದು ಮೂರನೆಯ ವರ್ಗದಲ್ಲಿ. ಮೊದಲೆರಡನ್ನು ಸೊನ್ನೆಗಿಳಿಸಿ, ಛಾವಣಿಗೆ ಸೌರಫಲಕ ಹಾಸಿ, ಮೂರನೆಯದನ್ನು ಪ್ರಯಾಣಿಕರ ತಲೆಗೆ ಕಟ್ಟುವುದು ಯಾವ ವಿಮಾನ ನಿಲ್ದಾಣಕ್ಕೂ ಸುಲಭ. ಪ್ರಯಾಣಿಕ ಅದನ್ನು ಸರ್ಕಾರದ ತಲೆಗೆ ಕಟ್ಟುತ್ತಾನೆ. ಹೊಗೆ ಮಾತ್ರ ಬ್ಯಾಟರಾಯನಪುರದವರ ಮೂಗಿಗೆ.

ಹಾಗಾಗಿ ಪ್ರೋತ್ಸಾಹ ಎಂಬ ಮಾತನ್ನು ನಾನು ಭಿತ್ತಿಪತ್ರದ ಅರ್ಥದಲ್ಲಿ ಬಳಸಲಾರೆ. ಪ್ರೋತ್ಸಾಹವೆಂದರೆ ನಂಬಿಕೆ ಕೊಡುವುದು. ಬಸ್ಸಿಗೆ ಅದರದೇ ಪಥವಿದ್ದರೆ ಹೆಬ್ಬಾಳದಲ್ಲಿ ಕಾರುಗಳ ಜೊತೆ ಅದೂ ಸಿಕ್ಕಿಕೊಳ್ಳುವುದಿಲ್ಲ. ನಡುರಾತ್ರಿ ಬಂದಿಳಿದ ಹೆಂಗಸು ಬಸ್ಸಿಳಿದ ಮೇಲಿನ ಕೊನೆಯ ಎರಡು ಕಿಲೋಮೀಟರ್ ನಿಶ್ಚಿಂತೆಯಿಂದ ದಾಟುವಂತಿರಬೇಕು. ಅಲ್ಲೇ ಕೆಲಸ ಮಾಡುವ ಸಾವಿರಾರು ಜನರನ್ನು ಮೊದಲು ನೆನೆಯಬೇಕು. ನಾವು ವರ್ಷಕ್ಕೆ ನಾಲ್ಕು ಸಲ ಹೋಗುವವರು. ಟ್ರಾಲಿ ತಳ್ಳುವವರು, ನೆಲ ಒರೆಸುವವರು, ಕಾಫಿ ಕೊಡುವವರು ದಿನಕ್ಕೆರಡು ಸಲ ಈ ದಾರಿ ಸವೆಸುತ್ತಾರೆ. ಬಸ್ಸು ಅವರಿಗೆ ಆದರ್ಶವಲ್ಲ, ದಿನಚರಿ. ಅವರಿಗೆ ಅನುಕೂಲವಾದ ಬಸ್ಸು ನಮಗೂ ಆಗುತ್ತದೆ.

ಇಷ್ಟು ಹೇಳಿದ ಮೇಲೂ ಭಾವನ ಕಾರಿನಲ್ಲಿದ್ದ ಇನ್ನೊಂದು ಸಂಗತಿಯನ್ನು ನಾನು ಬಿಡಲಾರೆ. ಅದು ಪ್ರೀತಿ. ನಮ್ಮಲ್ಲಿ ಹೊರಟವರನ್ನು 'ಕಳಿಸಿ ಬರಬೇಕು'. ಊರಲ್ಲಿ ಬಸ್ ನಿಲ್ದಾಣದವರೆಗೆ ನಡೆದುಹೋಗಿ, ಕಿಟಕಿಯಲ್ಲಿ ಬ್ಯಾಗು ತೂರಿಸಿ ಸೀಟು ಹಿಡಿದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಲ್ಲುವುದು. ಆ ನಡಿಗೆಯೇ ಈಗ 90 ಕಿ.ಮೀ. ಕಾರು ಸವಾರಿಯಾಗಿ ಬೆಳೆದಿದೆ. ಮಗನನ್ನು ಬಸ್ಸಿಗೆ ಹತ್ತಿಸಿ ಸುಮ್ಮನಾದರೆ ತಂದೆಗೆ ಏನೋ ಕಡಿಮೆ ಮಾಡಿದಂತೆ. ಲೀಟರುಗಳ ಲೆಕ್ಕ ಹೇಳಿ ಆ ಮನಸ್ಸನ್ನು ಸುಮ್ಮನಾಗಿಸಲು ಬರುವುದಿಲ್ಲ, ಸುಮ್ಮನಾಗಿಸಲೂಬಾರದು. ಆದರೆ ಪ್ರೀತಿಗೆ ಕಾರೇ ಬೇಕೆ?

ಅದನ್ನು ಬಿಡಿಸಿದ್ದು ಹುಡುಗನೇ. ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ, 'ಅಪ್ಪ, ನೀವೂ ಬಸ್ಸಲ್ಲೇ ಬನ್ನಿ' ಅಂದ. ಭಾವ ಗೊಣಗುತ್ತಲೇ ಹೊರಟರು. ಒಂದು ಗಂಟೆ ಮುಂಚೆ ಬಿಟ್ಟರು. ಸಂಜೆ ಫೋನ್ ಮಾಡಿದಾಗ ಭಾವ ಹೇಳಿದ್ದು ಇಷ್ಟೇ: 'ಕಾರಲ್ಲಾದ್ರೆ ನಾನು ರಸ್ತೆ ನೋಡ್ತಿದ್ದೆ. ಇವತ್ತು ಅವನ ಪಕ್ಕ ಕೂತು ಮಾತಾಡಿದೆ. ಬರುವಾಗ ನಿದ್ದೆ ಮಾಡಿದೆ.' ಅಜ್ಜಿಗೆ ಇವತ್ತಿಗೂ ಸಮಾಧಾನವಿಲ್ಲ.

ನಾನು ಪೂರ್ತಿ ಬದಲಾದವನಲ್ಲ. ಮೊನ್ನೆ ಬೆಳಗಿನ ಜಾವದ ವಿಮಾನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗುವಾಗ ಟ್ಯಾಕ್ಸಿಯನ್ನೇ ಹಿಡಿದೆ. ಅವರ ಮಂಡಿ ನೋವು ಕಾರಣವೇ ಹೊರತು ಸಬೂಬಲ್ಲ. ಆದರೆ ಅದರ ಹಿಂದಿನ ತಿಂಗಳು, ಹಗಲು ಹೊತ್ತಿನಲ್ಲಿ, ಒಂದೇ ಬ್ಯಾಗು ಹಿಡಿದು ಒಬ್ಬನೇ ಟ್ಯಾಕ್ಸಿಯಲ್ಲಿ ಹೋದದ್ದಕ್ಕೆ ನನ್ನ ಬಳಿ ಇದ್ದದ್ದು ಸಬೂಬು ಮಾತ್ರ. ಕಾರಣ ಯಾವುದು, ಸಬೂಬು ಯಾವುದು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಫೋನಿನ ಗುಂಡಿ ಒತ್ತುವವನಿಗೆ ಮಾತ್ರ ಗೊತ್ತು. ಹುಡುಗ ತೋರಿಕೆ ಮಾಡುತ್ತಿರಲಿಲ್ಲ. ವಿಮಾನದ ಸಾಲ ಅವನ ಮೇಲೆ ಹಾಗೇ ಇದೆ, ಅವನಿಗದು ಗೊತ್ತಿದೆ. ತೀರಿಸಬಹುದಾದ ಬಾಕಿಯನ್ನು ಅವನು ತೀರಿಸಿದ. ಭಾವ ಅಂದು ಅಡಿಕೆ, ಆನೆ ಎಂದದ್ದು ತಮಾಷೆಗೆ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದನ್ನು ಆ ರಾತ್ರಿ ನಾವು ಯಾರೂ ನೆನೆಸಿಕೊಳ್ಳಲಿಲ್ಲ.