ಕೆಂಪು ಎಲ್ಲಿಂದ ಶುರು?

ನಕ್ಷೆಗೆ ಬಣ್ಣ ತುಂಬುವ ಕೋಡ್ ಬರೆಯೋದು ಕಷ್ಟವಲ್ಲ. ಇಷ್ಟು ದಾಟಿದರೆ ಹಳದಿ, ಇಷ್ಟು ದಾಟಿದರೆ ಕೆಂಪು. ನಾಲ್ಕು ಸಾಲು. ವಿಕಿರಣ ಅಳೆಯುವ ಸೆನ್ಸರ್‌ಗಳ ಡೇಟಾವನ್ನು ಬೆಂಗಳೂರಿನ ನಕ್ಷೆಯ ಮೇಲೆ ತೋರಿಸುವ ಸಣ್ಣ ಪ್ರಾಜೆಕ್ಟೊಂದನ್ನು ನಾನೂ ವೈಟ್‌ಫೀಲ್ಡಿನ ಇಬ್ಬರು ಗೆಳೆಯರೂ ವೀಕೆಂಡುಗಳಲ್ಲಿ ಮಾಡ್ತಿದ್ದೇವೆ. ಆ ನಾಲ್ಕು ಸಾಲಿನ ಬಗ್ಗೆ ಜಗಳ ಆಡಿದಷ್ಟು ಬೇರೆ ಯಾವುದಕ್ಕೂ ಆಡಿಲ್ಲ.

ಯಾಕಂದ್ರೆ ವಿಕಿರಣ ಸೊನ್ನೆ ಇರುವ ಜಾಗವೇ ಭೂಮಿ ಮೇಲಿಲ್ಲ. ನೆಲ, ಆಕಾಶ, ಗಾಳಿಯಲ್ಲಿರುವ ರೇಡಾನ್, ತಿನ್ನುವ ಊಟ ಎಲ್ಲ ಸೇರಿ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ ಚೂರುಪಾರು ಇದ್ದೇ ಇರುತ್ತೆ, ಹಾಗಾಗಿ ರಾಮನಗರದ ಬಂಡೆಗಳ ಪಕ್ಕ ಮೀಟರ್ ಹಿಡಿದರೆ ಸುಣ್ಣಕಲ್ಲಿನ ನೆಲಕ್ಕಿಂತ ಜಾಸ್ತಿ ತೋರಿಸೋದು ಸಹಜ. ದೆಹಲಿ ಫ್ಲೈಟು ಹಾರುವ ಎತ್ತರದಲ್ಲಂತೂ ನೆಲದ ಮಟ್ಟದ ಹತ್ತು ಪಟ್ಟಿಗೂ ಹೆಚ್ಚು. ಆ ಸೀಟಿಗೆ ಯಾರೂ ಕೆಂಪು ಬಳಿದಿಲ್ಲ. ಸಹಜ ವಿಕಿರಣದ ಮೇಲೆ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಅನ್ನುವ ಮಿತಿ ಇದೆ, ನಿಜ. ಆದರೆ ಅದು ಅಣುಸ್ಥಾವರದಂಥವನ್ನು ಹದ್ದುಬಸ್ತಿನಲ್ಲಿಡಲು ಎಳೆದ ಗೆರೆ, ದಾಟಿದರೆ ಕಾಯಿಲೆ ಅನ್ನುವ ಗೆರೆಯಲ್ಲ. ನಕ್ಷೆಗೆ ಇಳಿದ ಕೂಡಲೇ ಮಾತ್ರ ಜನ ಅದನ್ನು ಹಾಗೇ ಓದ್ತಾರೆ.

ಹಳ್ಳಿ ಕಡೆಯವರಿಗೆ ಇದು ಹೊಸದಲ್ಲ. ಸರ್ವೆ ದಾಖಲೆಯಲ್ಲಿ 'ಖರಾಬು' ಅಂತ ಬಿದ್ದ ಜಾಗದಲ್ಲಿ ಕುರಿ ಮೇಯುತ್ತೆ, ಸೌದೆ ಸಿಗುತ್ತೆ, ಹುಡುಗರು ಕ್ರಿಕೆಟ್ ಆಡ್ತಾರೆ. ಕಚೇರಿಯಲ್ಲಿ ಅದು ಖರಾಬೇ. ನಮ್ಮ ಪರದೆ ಮೇಲೆ ಪೀಣ್ಯದ ಒಂದು ಬೀದಿ ಕೆಂಪಾದರೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫ್ಲ್ಯಾಟ್ ಹುಡುಕುವ ನಾನೂ ನೀವೂ ಆ ಕಡೆ ತಲೆ ಹಾಕೋದಿಲ್ಲ, ಅಷ್ಟೆ. ಅದೇ ಬೀದಿಯಲ್ಲಿ ಬಾಡಿಗೆಗಿದ್ದು ಗಾರ್ಮೆಂಟ್ಸ್‌ಗೆ ನಡೆದು ಹೋಗುವ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ಹಾಗಾದ್ರೆ ತಜ್ಞರು ಹೇಳುವ ತನಕ ತೋರಿಸೋದೇ ಬೇಡ ಅನ್ನೋಣವಾ? ಜಪಾನಿನಲ್ಲಿ ಅದೂ ಆಗಿದೆ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಸ್ಥಾವರ ಕೆಟ್ಟಾಗ ನಾಮಿಯೆ ಪಟ್ಟಣದ ಜನ ವಾಯುವ್ಯಕ್ಕಿದ್ದ ತ್ಸುಶಿಮಾ ಕಡೆಗೆ ಓಡಿದರು. ವಿಕಿರಣವೂ ಅದೇ ದಿಕ್ಕಿಗೆ ಹೋಯಿತು. ಗಾಳಿಯ ದಿಕ್ಕು ಲೆಕ್ಕ ಹಾಕುವ ಸ್ಪೀಡಿ ಎಂಬ ವ್ಯವಸ್ಥೆ ಸರ್ಕಾರದ ಹತ್ತಿರ ಇತ್ತು, ಅದರ ನಕ್ಷೆಗಳು ಮಾತ್ರ ಆ ಜನರಿಗೆ ಸಮಯಕ್ಕೆ ತಲುಪಲಿಲ್ಲ. ಲೆಕ್ಕ ಪಕ್ಕಾ ಅಲ್ಲ, ಜನ ಗಾಬರಿಯಾಗ್ತಾರೆ ಅನ್ನುವ ಮಾತುಗಳಿದ್ದವು. ಅದೇ ವರ್ಷ ಸೇಫ್‌ಕ್ಯಾಸ್ಟ್ ಅನ್ನುವ ಸ್ವಯಂಸೇವಕರ ಗುಂಪು ತಾವೇ ಮೀಟರ್ ಜೋಡಿಸಿ, ಕಾರಿಗೆ ಕಟ್ಟಿಕೊಂಡು ರಸ್ತೆ ರಸ್ತೆ ಅಳೆಯಲು ಹೊರಟಿತು.

ಇನ್ನೊಂದು ವಿಷಯ. ಮೊದಲು ತೆರವು ಮಾಡಿಸಿದ್ದು 20 ಕಿಲೋಮೀಟರ್ ವೃತ್ತದ ಒಳಗಿನವರನ್ನು. ಸುಮಾರು 40 ಕಿಲೋಮೀಟರ್ ದೂರದ ಈಟಾಟೆ ಹಳ್ಳಿಗೆ ಹೊರಡಿ ಅಂತ ಹೇಳಿದ್ದು ವಾರಗಳಾದ ಮೇಲೆ. ವೃತ್ತ ಎಳೆಯೋದು ಸುಲಭ, ಗಾಳಿಗೆ ಕೈವಾರ ಗೊತ್ತಿಲ್ಲ.

ನಮ್ಮ ಡಿಸೈನರ್ ಗೆಳೆಯ ಸೆನ್ಸರ್‌ಗಳ ನಡುವಿನ ಜಾಗಕ್ಕೂ ನಯವಾಗಿ ಬಣ್ಣ ಹರಡೋಣ ಅಂತಾನೆ. "ಖಾಲಿ ಬಿಟ್ರೆ ಅರ್ಧಂಬರ್ಧ ಕಾಣತ್ತೆ ಗುರೂ." ಕಾಣಲಿ ಬಿಡು ಅಂತ ನಾನು. ಅಳೆಯದ ಜಾಗಕ್ಕೆ ಬಳಿದ ಹಸಿರು ಕೂಡ ಸುಳ್ಳೇ ಅಲ್ವಾ? ಕೆಂಪಾದರೆ ಯಾರಾದರೂ ಬಂದು ಪ್ರಶ್ನೆ ಕೇಳ್ತಾರೆ, ಹಸಿರನ್ನು ಯಾರೂ ಕೇಳಲ್ಲ. ಸದ್ಯಕ್ಕೆ ಬೂದು ಬಣ್ಣಕ್ಕೆ ಒಪ್ಪಿಸಿದ್ದೇನೆ.

ಬಗೆಹರಿಯದೆ ಉಳಿದಿರೋದು ಪೀಣ್ಯದ ಪ್ರಶ್ನೆ. ಅಲ್ಲಿ ಒಂದೇ ಒಂದು ಸೆನ್ಸರ್ ಇದ್ದಕ್ಕಿದ್ದಂತೆ ಮೇಲೇರಿತು ಅಂತಿಟ್ಕೊಳ್ಳಿ. ಸೆನ್ಸರ್ರೇ ಕೆಟ್ಟಿರಬಹುದು. ಪಕ್ಕದಲ್ಲಿ ಇರಿಡಿಯಂ ಇಟ್ಟು ಬೆಸುಗೆ ಪರೀಕ್ಷೆ ಮಾಡ್ತಿರಬಹುದು. ಅಥವಾ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಬಂದ ಕೋಬಾಲ್ಟ್-60 ಥರದ್ದೇ ಏನೋ ಇರಬಹುದು. ಆಗ ಒಬ್ಬ ಕೆಲಸಗಾರ ಸತ್ತ. ಎರಡನೇ ಅಳತೆಗೆ ಕಾಯಬೇಕಾ, ತಕ್ಷಣ ತೋರಿಸಬೇಕಾ? ತಕ್ಷಣ, 'ಪರಿಶೀಲಿಸುತ್ತಿದ್ದೇವೆ' ಅಂತ ಕೆಳಗೆ ಬರೆದು, ಅಂದೆ ನಾನು. "ವಾಟ್ಸಾಪಲ್ಲಿ ಸ್ಕ್ರೀನ್‌ಶಾಟ್ ಹಾಕೋರು ಆ ಸಾಲನ್ನೇ ಕತ್ತರಿಸ್ತಾರೆ" ಅಂದ ಗೆಳೆಯ. ಅದೂ ಸರಿಯೇ. ಈ ಶನಿವಾರ ಚುಕ್ಕಿಯ ಒಳಗೇ ಪ್ರಶ್ನೆಚಿಹ್ನೆ ಕೂರಿಸಿ ನೋಡ್ತಿದ್ದೇವೆ. ಚಿಕ್ಕ ಮೊಬೈಲಿನಲ್ಲಿ ಅದು ಇನ್ನೂ ಸರಿಯಾಗಿ ಕಾಣ್ತಿಲ್ಲ.